ಪರಸಿ ಕಲ್ಲಿನ ಮೇಲೆ ಭಾಗ ಪ್ರಮಾಣ ಸೂತ್ರ

ಹತ್ತನೇ ತರಗತಿಯ ಗಣಿತದಲ್ಲಿ ಮಕ್ಕಳು ಅರ್ಥ ಮಾಡಿಕೊಳ್ಳದೆ ಬಾಯಿಪಾಠ ಮಾಡುವ ಸೂತ್ರಗಳಲ್ಲಿ, ಎರಡು ಬಿಂದುಗಳನ್ನು ಸೇರಿಸುವ ಗೆರೆಯನ್ನು ಕೊಟ್ಟ ಅನುಪಾತದಲ್ಲಿ ವಿಭಾಗಿಸುವ ಬಿಂದುವನ್ನು ಕಂಡುಹಿಡಿಯುವ ಭಾಗ ಪ್ರಮಾಣ ಸೂತ್ರ ಮುಖ್ಯವಾದುದು. ಅನುಪಾತದ ಮೊದಲ ಸಂಖ್ಯೆಯನ್ನು ಎರಡನೆಯ ಬಿಂದುವಿನ ನಿರ್ದೇಶಾಂಕದಿಂದ ಗುಣಿಸಬೇಕು ಎಂಬ ನಿಯಮಕ್ಕೆ ಕಾರಣ ತಿಳಿಯದಿರುವುದರಿಂದ ಪರೀಕ್ಷೆಯ ಹೊತ್ತಿಗೆ ಅದು ಅದಲುಬದಲಾಗುತ್ತದೆ. ಆ ಸೂತ್ರದೊಳಗೆ ಇರುವುದು ಮಕ್ಕಳಿಗೆ ಮೊದಲಿನಿಂದ ಗೊತ್ತಿರುವ ಅನುಪಾತವೇ ಆದುದರಿಂದ, ಅನುಪಾತವನ್ನು ಕಣ್ಣಿಗೆ ಕಾಣಿಸಿದ ಮೇಲೆಯೇ ಸೂತ್ರವನ್ನು ಕಪ್ಪುಹಲಗೆಗೆ ತರಬೇಕೆಂದು ನಾನು ನಂಬಿದ್ದೇನೆ. ಸೇಡಂ ತಾಲ್ಲೂಕಿನ ನಮ್ಮ ಪ್ರೌಢಶಾಲೆಯಲ್ಲಿ ಈ ವರ್ಷ ಆ ಪಾಠವನ್ನು ತರಗತಿಯ ಕೋಣೆಯಲ್ಲಿ ಮಾಡದೆ ಪ್ರಾರ್ಥನೆಯ ಹಾಲ್‌ನಲ್ಲಿ ಮಾಡಿದೆ.

ನಮ್ಮ ಕಡೆಯ ಬಹುಪಾಲು ಹಳೆಯ ಕಟ್ಟಡಗಳಂತೆ ಆ ಹಾಲ್‌ಗೂ ಪರಸಿ ಕಲ್ಲು ಹಾಸಿದ್ದಾರೆ. ಹೊರಗಿನವರು ಶಹಾಬಾದ್ ಕಲ್ಲು ಎಂದು ಕರೆಯುವ, ನಮ್ಮ ಸೇಡಂ, ಚಿತ್ತಾಪುರದ ಗಣಿಗಳಲ್ಲಿಯೂ ಸಿಗುವ ಸುಣ್ಣಕಲ್ಲಿನ ಚಪ್ಪಡಿಗಳು ಅವು. ಉದ್ದಕ್ಕೂ ಅಡ್ಡಕ್ಕೂ ಹರಿದ ಸಿಮೆಂಟಿನ ಸಂದುಗಳೇ ಗ್ರಾಫ್ ಹಾಳೆಯ ಗೆರೆಗಳಾದವು. ಸುಣ್ಣದ ಕಡ್ಡಿಯಿಂದ ಎಕ್ಸ್ ಅಕ್ಷವನ್ನೂ ವೈ ಅಕ್ಷವನ್ನೂ ಎಳೆದು, ಒಬ್ಬ ಹುಡುಗಿಯನ್ನು (−2, 3) ಎಂಬ ಬಿಂದುವಿನಲ್ಲಿ, ಇನ್ನೊಬ್ಬಳನ್ನು (6, 7) ಎಂಬ ಬಿಂದುವಿನಲ್ಲಿ ನಿಲ್ಲಿಸಿ, ಇಬ್ಬರ ಕೈಗೂ ಒಂದು ದಾರದ ತುದಿಗಳನ್ನು ಕೊಟ್ಟು, ನೆಲಕ್ಕೆ ತಾಗುವಂತೆ ಬಿಗಿಯಾಗಿ ಹಿಡಿಯಲು ಹೇಳಿದೆ. ಈ ದಾರವನ್ನು ವೈ ಅಕ್ಷವು ಯಾವ ಅನುಪಾತದಲ್ಲಿ ವಿಭಾಗಿಸುತ್ತದೆ ಎಂಬುದು ನನ್ನ ಪ್ರಶ್ನೆಯಾಗಿತ್ತು.

ಮುಂದಿನ ಸಾಲಿನ ಮಕ್ಕಳು ಅಭ್ಯಾಸದಂತೆ ಅನುಪಾತವನ್ನು ಕೆ:1 ಎಂದು ಇಟ್ಟುಕೊಂಡು ಲೆಕ್ಕ ಆರಂಭಿಸಿದರು. ಅವರು ಬರೆದು ಮುಗಿಸುವ ಮೊದಲೇ ದಾರದ ತುದಿ ಹಿಡಿದು ಕೂತಿದ್ದ ಹುಡುಗಿ, “ಗೆರಿಯಿಂದ ನಂದು ಎರಡು ಕಲ್ಲು, ಆಕಿದು ಆರು ಕಲ್ಲು. ಒಂದಕ್ಕ ಮೂರಾಯ್ತಲ್ಲರಿ ಸರ್” ಎಂದಳು. ದಾರವು ವೈ ಅಕ್ಷವನ್ನು ದಾಟಿದ ಜಾಗ (0, 4) ಆಗಿತ್ತು. ಮೊದಲ ಹುಡುಗಿಯಿಂದ ಅಲ್ಲಿಗೆ ಎರಡು ಕಲ್ಲು ಅಡ್ಡಕ್ಕೆ, ಒಂದು ಕಲ್ಲು ಮೇಲಕ್ಕೆ. ಮೊದಲ ಹುಡುಗಿಯಿಂದ ಎರಡನೆಯವಳವರೆಗೆ ಎಂಟು ಅಡ್ಡಕ್ಕೆ, ನಾಲ್ಕು ಮೇಲಕ್ಕೆ. ಎರಡು ಲಂಬಕೋನ ತ್ರಿಭುಜಗಳೂ ಸಮರೂಪವಾಗಿರುವುದರಿಂದ ಅಡ್ಡಕ್ಕೆ ಇರುವ ಅನುಪಾತವೇ ಮೇಲಕ್ಕೂ, ದಾರಕ್ಕೂ ಇರಲೇಬೇಕು. ದಾರವನ್ನು ನಾಲ್ಕು ಸಮಭಾಗಗಳಾಗಿ ಮಡಚಿ, ಒಂದು ಮಡಿಕೆಯನ್ನು ಮೊದಲ ಬಿಂದುವಿನಿಂದ ಹಿಡಿದು ನೋಡಿದಾಗ ಅದರ ತುದಿ ಸರಿಯಾಗಿ ಆ ಸಂದಿನ ಮೇಲೆಯೇ ಬಂದು ಕೂತಿತು. ಬಿಂದುವು ಮೊದಲ ಹುಡುಗಿಗೆ ಹತ್ತಿರವಿದ್ದಷ್ಟೂ ಅವಳ ನಿರ್ದೇಶಾಂಕಕ್ಕೆ ಹೆಚ್ಚು ತೂಕ ಸಿಗಬೇಕು, ಆದ್ದರಿಂದಲೇ ದೊಡ್ಡ ಸಂಖ್ಯೆಯಾದ ಮೂರು ಅವಳ ಪಾಲಿಗೆ ಬರುತ್ತದೆ ಎಂದು ವಿವರಿಸಿದ ಮೇಲೆ ಗುಣಾಕಾರ ಏಕೆ ಅಡ್ಡಡ್ಡವಾಗಿ ನಡೆಯುತ್ತದೆ ಎಂದು ಯಾರೂ ಮತ್ತೆ ಕೇಳಲಿಲ್ಲ.

ಇಲ್ಲಿ ಒಂದು ಮಾತನ್ನು ಮಕ್ಕಳಿಗೆ ಹೇಳದೆ ಮುಂದೆ ಹೋಗಲು ನನಗೆ ಮನಸ್ಸಾಗಲಿಲ್ಲ. ನಮ್ಮ ತಾಲ್ಲೂಕಿನದೇ ಆದ ಮಳಖೇಡ, ಕಾಗಿಣಾ ನದಿಯ ದಂಡೆಯ ಆ ಊರು, ರಾಷ್ಟ್ರಕೂಟರ ರಾಜಧಾನಿ ಮಾನ್ಯಖೇಟವಾಗಿತ್ತು. ಅಲ್ಲಿಂದ ಆಳಿದ ಅಮೋಘವರ್ಷ ನೃಪತುಂಗನನ್ನು 9ನೇ ಶತಮಾನದ ಗಣಿತಜ್ಞ ಮಹಾವೀರಾಚಾರ್ಯ ತನ್ನ ‘ಗಣಿತಸಾರಸಂಗ್ರಹ’ದ ಆರಂಭದಲ್ಲಿ ಹೊಗಳಿದ್ದಾನೆ. ಆ ಗ್ರಂಥದಲ್ಲಿ ಅನುಪಾತದ ಲೆಕ್ಕಗಳಿಗೆ ತ್ರೈರಾಶಿಕವೆಂಬ, ಅಂದರೆ ಗೊತ್ತಿರುವ ಮೂರು ಸಂಖ್ಯೆಗಳಿಂದ ನಾಲ್ಕನೆಯದನ್ನು ಕಂಡುಹಿಡಿಯುವ, ಪ್ರತ್ಯೇಕ ಅಧ್ಯಾಯವಿದೆ. ನೆರಳಿನ ಲೆಕ್ಕಗಳಿಗೇ ಮೀಸಲಾದ ಇನ್ನೊಂದು ಅಧ್ಯಾಯವೂ ಇದೆ. ಕೋಲು ಮತ್ತು ಅದರ ನೆರಳಿನ ಲೆಕ್ಕವೂ ಸಮರೂಪ ತ್ರಿಭುಜಗಳ ಲೆಕ್ಕವೇ. ನಿರ್ದೇಶಾಂಕ ರೇಖಾಗಣಿತಕ್ಕೆ ದಾರಿ ತೆರೆದ ಫ್ರೆಂಚ್ ಗಣಿತಜ್ಞ ದೆಕಾರ್ತನ ಕೃತಿ ಬಂದದ್ದು 1637ರಲ್ಲಿ. ಅನುಪಾತದ ವಿದ್ಯೆಯಾದರೋ ಅದಕ್ಕೂ ಎಷ್ಟೋ ಶತಮಾನ ಮೊದಲೇ ನಮ್ಮ ನೆರೆಯಲ್ಲಿ ಇಷ್ಟು ವ್ಯವಸ್ಥಿತವಾಗಿತ್ತು ಎಂಬುದು ಇಲ್ಲಿಯ ಮಕ್ಕಳಿಗೆ ತಿಳಿದಿರಲೇಬೇಕು.

ದೂರ ಸೂತ್ರಕ್ಕೆ ಬಂದಾಗ ಹಿಂದಿನ ಸಾಲಿನ ಹುಡುಗನೊಬ್ಬ ಎತ್ತಿದ ಪ್ರಶ್ನೆ ಆ ದಿನದ ಅತ್ಯುತ್ತಮ ಪ್ರಶ್ನೆಯಾಗಿತ್ತು. ಮೂಲಬಿಂದುವಿನಿಂದ (4, 3)ಕ್ಕೆ ಇರುವ ದೂರ ಐದು ಎಂದು ಎಲ್ಲರೂ ಹೇಳಿದರು. “ಐದು ಅಂದ್ರ ಐದು ಏನ್ರಿ ಸರ್? ಕಲ್ಲು ಚೌಕ ಇಲ್ಲಲ್ರಿ” ಎಂದು ಅವನು ಕೇಳಿದ. ಕಲ್ಲುಗಳು ಎರಡು ಅಡಿ ಉದ್ದ, ಒಂದೂವರೆ ಅಡಿ ಅಗಲದವು. ಟೇಪು ಹಿಡಿದು ಅಳೆದಾಗ ದೂರ ಸುಮಾರು ಒಂಬತ್ತು ಅಡಿ ಎರಡು ಇಂಚು ಬಂತು; ಎರಡರ ಐದು ಪಟ್ಟಾದ ಹತ್ತೂ ಅಲ್ಲ, ಒಂದೂವರೆಯ ಐದು ಪಟ್ಟಾದ ಏಳೂವರೆಯೂ ಅಲ್ಲ. ಎರಡು ಅಕ್ಷಗಳ ಮಾನ ಬೇರೆಬೇರೆಯಾದರೂ ಅನುಪಾತ ಕೆಡುವುದಿಲ್ಲ, ಆದುದರಿಂದ ದಾರದ ಲೆಕ್ಕ ಸರಿಯಾಗಿತ್ತು. ದೂರ ಸೂತ್ರ ನಿಂತಿರುವುದು ಪೈಥಾಗೊರಸ್ ಪ್ರಮೇಯದ ಮೇಲೆ, ಅದಕ್ಕೆ ಎರಡೂ ದಿಕ್ಕಿನಲ್ಲಿ ಒಂದೇ ಮಾನ ಬೇಕು. ಹುಡುಗ ತಾನಾಗಿಯೇ ನಾಲ್ಕು ಕಲ್ಲನ್ನು 8 ಅಡಿಯೆಂದೂ ಮೂರು ಕಲ್ಲನ್ನು 4.5 ಅಡಿಯೆಂದೂ ಬದಲಿಸಿ, ವರ್ಗಗಳನ್ನು ಕೂಡಿಸಿ 84.25 ಪಡೆದು, ಅದರ ವರ್ಗಮೂಲ 9.18ರ ಆಸುಪಾಸಿನಲ್ಲಿದೆ ಎಂದು ಲೆಕ್ಕ ಹಾಕಿ ಟೇಪಿನ ಅಳತೆಗೆ ಹೊಂದಿಸಿ ತೋರಿಸಿದ. ಮಿಕ್ಕವರೂ ಅದೇ ರೀತಿಯಲ್ಲಿ ಇಬ್ಬರು ಹುಡುಗಿಯರ ನಡುವಿನ ದಾರದ ಉದ್ದವನ್ನು ಅಡಿಗಳಲ್ಲಿ ಕಂಡುಹಿಡಿಯತೊಡಗಿದರು.