ಕಾರವಾರದ ಮೀನುಪೇಟೆಗೆ ಕ್ಯಾಮೆರಾ ಹಿಡಿದು ಹೊರಟವರಿಗೆ

ಟಿಕೆಟ್ ಮಾಡಿಸುವ ಮೊದಲು ತಿಂಗಳು ನೋಡಿಕೊಳ್ಳಿ. ಜೂನ್ 1ರಿಂದ ಜುಲೈ 31ರವರೆಗೆ ಯಾಂತ್ರೀಕೃತ ಬೋಟುಗಳು ಕಡಲಿಗಿಳಿಯುವಂತಿಲ್ಲ. ಕಾರವಾರದ ಮೀನುಗಾರಿಕಾ ಬಂದರಾದ ಬೈತಖೋಲದಲ್ಲಿ ಆಗ ಸಿಗುವುದು ನಿಂತ ಬೋಟುಗಳು ಮತ್ತು ಬಲೆ ರಿಪೇರಿ ಮಾತ್ರ. ಮೀನಿನ ಗಡಿಬಿಡಿ ಬೇಕಿದ್ದರೆ ಅಕ್ಟೋಬರ್‌ನಿಂದ ಫೆಬ್ರುವರಿಯೊಳಗೆ ಬನ್ನಿ. ರೈಲು ನಿಲ್ದಾಣ ಇರುವುದು ಪೇಟೆಯಿಂದ ಹೊರಗೆ, ಶಿರವಾಡದಲ್ಲಿ. ನಸುಕಿಗೇ ಬಂದರು ಮುಟ್ಟಬೇಕಾದರೆ ಹಿಂದಿನ ರಾತ್ರಿ ಪೇಟೆಯಲ್ಲೇ ಉಳಿದು, ಆಟೋದವರಿಗೆ ಹೇಳಿಟ್ಟಿರಿ.

ಮೊದಲ ಅರ್ಧ ಗಂಟೆ ಕ್ಯಾಮೆರಾ ಚೀಲದಲ್ಲೇ ಇರಲಿ, ಕೆಲಸ ಹೇಗೆ ಸಾಗುತ್ತದೆಂದು ನೋಡಿ. ಬೋಟಿನಿಂದ ಬುಟ್ಟಿ ದಕ್ಕೆಗೆ, ಅಂದರೆ ಬೋಟು ನಿಲ್ಲುವ ಕಟ್ಟೆಗೆ, ಬರುತ್ತದೆ; ಬಂಗಡೆ, ತಾರ್ಲೆ, ಸಿಗಡಿ ಬೇರೆ ಬೇರೆಯಾಗುತ್ತವೆ; ಹರಾಜಾಗುತ್ತದೆ; ಐಸ್ ಬಿದ್ದು ಗಾಡಿ ಏರುತ್ತದೆ, ಇಲ್ಲವೇ ಹೆಂಗಸರ ಬುಟ್ಟಿ ಸೇರಿ ಪೇಟೆಗೆ ಹೋಗುತ್ತದೆ. ಬುಟ್ಟಿ ಹೊತ್ತವರ ದಾರಿಗೆ ಅಡ್ಡ ನಿಲ್ಲಲೇಬೇಡಿ. ತಲೆಯ ಮೇಲಿನ ಭಾರಕ್ಕೆ ಅವರಿಗೆ ಕಾಲಬುಡ ಕಾಣುವುದಿಲ್ಲ, ನೆಲವೋ ಐಸ್ ನೀರು ಮತ್ತು ಮೀನಿನ ಹುರುಪೆಯಿಂದ ಜಾರುತ್ತಿರುತ್ತದೆ. ಹಿಡಿತವಿರುವ ರಬ್ಬರ್ ಚಪ್ಪಲಿ ಹಾಕಿ, ಟ್ರೈಪಾಡ್ ಕೋಣೆಯಲ್ಲೇ ಬಿಡಿ.

ಹರಾಜಿನಲ್ಲಿ ಕೂಗುವವರ ಕಣ್ಣು ಖರೀದಿದಾರರ ಮೇಲಿರುತ್ತದೆ. ನಡುವೆ ಲೆನ್ಸ್ ತೂರಿಸಿದರೆ ಒಂದು ಸನ್ನೆ ತಪ್ಪಿ ದರವೇ ಹೆಚ್ಚುಕಡಿಮೆಯಾಗಬಹುದು. ಕೂಗುವವರ ಹೆಗಲ ಹಿಂದೆ ನಿಲ್ಲಿ. ಲೆಕ್ಕ ಹಾಕುತ್ತಿರುವ ಮುಖಗಳೆಲ್ಲ ಅಲ್ಲಿಂದಲೇ ಕಾಣುತ್ತವೆ.

ಬೆಳಕೇ ಇಲ್ಲಿನ ದೊಡ್ಡ ಕಷ್ಟ. ನಸುಕಿನ ದೀಪದಲ್ಲಿ 35 ಎಂ.ಎಂ. ಲೆನ್ಸ್, ಎಫ್ 2, ಐಎಸ್‌ಒ 3200ರಿಂದ 6400. ಶಟರ್ ವೇಗ 1/250 ಸೆಕೆಂಡಿಗಿಂತ ಇಳಿದರೆ ಆಡುವ ಕೈಗಳು ಮಸುಕಾಗುತ್ತವೆ. ಮೀನು ಎಸೆಯುವಾಗ 1/500 ಬೇಕು. ಹತ್ತಿರದಿಂದ ತೆಗೆದರೆ ಬಂಗಡೆಯ ಹೊಟ್ಟೆಯ ಬೆಳ್ಳಿ ಬರೀ ಬಿಳಿಯಾಗಿ, ಬೆನ್ನಿನ ಪಟ್ಟೆಗಳಷ್ಟೇ ಉಳಿಯುತ್ತವೆ. ಎಕ್ಸ್‌ಪೋಶರ್ ಮೂರನೇ ಎರಡು ಸ್ಟಾಪ್ (−0.7) ತಗ್ಗಿಸಿ, ರಾ (RAW) ಫೈಲಿನಲ್ಲಿ ತೆಗೆಯಿರಿ. ನೀಲಿ ತಾಡಪಾಲಿನ ಕೆಳಗೆ ಕೂತವರ ಮುಖಕ್ಕೆ ನೀಲಿ ಬಣ್ಣ ಹತ್ತುತ್ತದೆ, ಆಮೇಲೆ ತಿದ್ದುವುದು ಕಷ್ಟ; ತಾಡಪಾಲಿನ ಅಂಚಿನಲ್ಲಿ ಕೂತವರ ಕಡೆ ತಿರುಗಿ. ಫ್ಲ್ಯಾಶ್ ಬೇಡವೇ ಬೇಡ.

ಪೇಟೆಯಲ್ಲಿ ಬೋಣಿ ಆಗುವ ಮುಂಚೆ ಮೀನು ಮಾರುವ ಹೆಂಗಸರ ಎದುರು ಕ್ಯಾಮೆರಾ ಎತ್ತಬೇಡಿ. ದಿನದ ಮೊದಲ ಗಿರಾಕಿಗೆ ಅಡ್ಡ ಬಂದವರನ್ನು ಅವರು ಮರೆಯುವುದಿಲ್ಲ. ‘ಅಕ್ಕಾ, ಒಂದು ಫೋಟೋ ತೆಗೀಲಾ?’ ಎಂದು ಕೇಳಿ, ಬೇಡವೆಂದರೆ ಮುಂದೆ ಹೋಗಿ. ಕೆಲವರ ಮನೆಮಾತು ಕೊಂಕಣಿ, ಆದರೆ ಕನ್ನಡ ನಡೆಯುತ್ತದೆ. ಮುಖ ಬೇಡವೆಂದವರು ಕೈಗಳಿಗೆ ಒಪ್ಪುವುದುಂಟು. ಈಳಿಗೆಗೆ ಇಸ್ವಾಣ ಮೀನು ಒತ್ತುವ ಬೆರಳು, ಹುರುಪೆ ಅಂಟಿದ ಬಳೆ, ಸೊಂಟಕ್ಕೆ ಸಿಕ್ಕಿಸಿದ ದುಡ್ಡಿನ ಚೀಲ: ದುಡಿಮೆಯ ಚಿತ್ರ ಎನ್ನುವುದು ಇವನ್ನೇ.

ಎಸಿ ಕೋಣೆಯಿಂದ ನೇರವಾಗಿ ಬಂದರೆ ಲೆನ್ಸ್ ಬೆವರುತ್ತದೆ. ಕ್ಯಾಮೆರಾವನ್ನು ಚೀಲದಲ್ಲೇ ಇಟ್ಟು ಇಪ್ಪತ್ತು ನಿಮಿಷ ಹೊರಗಿನ ಗಾಳಿಗೆ ಹೊಂದಿಕೊಳ್ಳಲು ಬಿಡಿ. ದಕ್ಕೆಯ ಮೇಲೆ ಲೆನ್ಸ್ ಬದಲಿಸಬೇಡಿ. ವಾಪಸ್ ಬಂದ ಮೇಲೆ ಕ್ಯಾಮೆರಾದ ಹೊರಮೈಯನ್ನು ಸಿಹಿನೀರಿನಲ್ಲಿ ಹಿಂಡಿದ ಬಟ್ಟೆಯಿಂದ ಒರೆಸಿ, ಆಮೇಲೆ ಒಣಬಟ್ಟೆ. ಉಪ್ಪು ಹಾಗೇ ಉಳಿದರೆ ಗುಂಡಿಗಳು ಬಿಗಿಯಾಗುತ್ತವೆ.

ಬೈತಖೋಲದ ಪಕ್ಕ ವಾಣಿಜ್ಯ ಬಂದರು, ಹೆದ್ದಾರಿಯಲ್ಲಿ ಇನ್ನೂ ದಕ್ಷಿಣಕ್ಕೆ ಕದಂಬ ನೌಕಾನೆಲೆ. ಆ ಕಡೆ ಲೆನ್ಸ್ ತಿರುಗಿಸಬೇಡಿ, ಡ್ರೋನ್ ತರಲೇಬೇಡಿ.

ಎರಡು ದಿನ ಇಟ್ಟುಕೊಂಡು ಬನ್ನಿ. ಮೊದಲ ದಿನದ ಚಿತ್ರಗಳನ್ನು ಪೇಟೆಯ ಸ್ಟುಡಿಯೋದಲ್ಲಿ ಪ್ರಿಂಟ್ ಹಾಕಿಸಿ ಮರುದಿನ ಚಿತ್ರದಲ್ಲಿದ್ದವರ ಕೈಗೇ ಕೊಡಿ, ಒದ್ದೆ ಕೈಯಲ್ಲಿ ಹಿಡಿಯುತ್ತಾರೆ, ಪ್ಲಾಸ್ಟಿಕ್ ಕವರಿನಲ್ಲಿಟ್ಟು ಕೊಡಿ.