"ಮರಿ ರೇಟು ಬರೋಬ್ಬರಿ ಅದಾ?" ಅಂತ ಕೇಳುವವರಿಗೆ

ವಾರಕ್ಕೆ ಎರಡು ಸಲವಾದರೂ ನನ್ನ ಫೋನಿಗೆ ಒಂದು ಫೋಟೋ ಬರುತ್ತದೆ. ಕುದುರೆ ಮರಿ, ಪಕ್ಕದಿಂದ ತೆಗೆದದ್ದು, ಕೊರಳಿಗೆ ಗೊಂಡೆ ಕಟ್ಟಿರುತ್ತಾರೆ. ಕೆಳಗೆ ಒಂದೇ ಸಾಲು: "ಅಣ್ಣಾ, ಎಂಬತ್ತು ಹೇಳ್ಯಾರ, ಬರೋಬ್ಬರಿ ಅದಾ?" ಎಂಬತ್ತು ಅಂದರೆ 80 ಸಾವಿರ, ಬರೋಬ್ಬರಿ ಅಂದರೆ ನಮ್ಮ ಕಡೆ ಸರಿಯಾದದ್ದು. ಅಜ್ಜನ ಕಾಲದಲ್ಲಿ ನಮ್ಮ ಮನೆಯಲ್ಲಿ ಟಾಂಗಾ ಇತ್ತು. ಈಗ ನಾನು ಬೀದರಿನಲ್ಲಿ ಎರಡು ಹೆಣ್ಣು ಕುದುರೆ ಸಾಕಿ ಮದುವೆ ಮೆರವಣಿಗೆಗೆ ಕಳಿಸುತ್ತೇನೆ. ಅದಕ್ಕೇ ಕೇಳುತ್ತಾರೆ. ಬಾಯಲ್ಲಿ ಹೇಳಿ ಹೇಳಿ ಸಾಕಾಗಿದೆ, ಇನ್ನು ಮುಂದೆ ಕೇಳಿದವರಿಗೆಲ್ಲ ಇದನ್ನೇ ಕಳಿಸುತ್ತೇನೆ.

ಫೋಟೋ ನೋಡಿ ನಾನು ರೇಟು ಹೇಳುವುದಿಲ್ಲ. ಬೇಜಾರು ಮಾಡಿಕೊಳ್ಳಬೇಡಿ. ಗೊಂಡೆ ಕಾಣುತ್ತದೆ, ಬಾಲ ಕಾಣುತ್ತದೆ, ಬಾಯಿ ಕಾಣುವುದಿಲ್ಲ. ಗೊರಸು ಹುಲ್ಲಲ್ಲಿ ಮುಚ್ಚಿಹೋಗಿರುತ್ತದೆ. ಹೊಲ ನೋಡದೆ ತೊಗರಿ ಎಷ್ಟು ಚೀಲ ಬರುತ್ತದೆ ಹೇಳು ಅಂದರೆ ಯಾವ ರೈತ ಹೇಳುತ್ತಾನೆ?

ಮರಿಯ ವಯಸ್ಸು ಬಾಯಲ್ಲಿ ಇರುತ್ತದೆ, ಮಾರುವವನ ಮಾತಲ್ಲಿ ಅಲ್ಲ. ಹಾಲುಹಲ್ಲು ಸಣ್ಣಗೆ, ಬೆಳ್ಳಗೆ, ಒಸಡಿನ ಹತ್ತಿರ ಹಿಚುಕಿದ ಹಾಗೆ ಇರುತ್ತವೆ. ಎರಡೂವರೆ ವರ್ಷದ ಹೊತ್ತಿಗೆ ನಡುವಿನ ಜೋಡಿ ಬಿದ್ದು ದೊಡ್ಡ, ಸ್ವಲ್ಪ ಹಳದಿ ಹಲ್ಲು ಬರುತ್ತವೆ. ಮೂರೂವರೆಗೆ ಅದರ ಪಕ್ಕದವು, ನಾಲ್ಕೂವರೆಗೆ ಮೂಲೆಯವು. ಐದಕ್ಕೆ ಬಾಯಿ ತುಂಬುತ್ತದೆ. ಕೆಲವು ತಿಂಗಳು ಹಿಂದೆ ಮುಂದೆ ಆಗಬಹುದು, ಒಂದು ವರ್ಷ ಆಗುವುದಿಲ್ಲ.

ಇದನ್ನು ನಾನು ಕಲಿತದ್ದು ಮಾಳೇಗಾಂವದಲ್ಲಿ. ಉದಗೀರ, ಅಹಮದಪುರ ದಾಟಿ ಹೋದರೆ ನಾಂದೇಡ ಜಿಲ್ಲೆಯ ಊರು. ಮಾರ್ಗಶಿರದಲ್ಲಿ ಅಲ್ಲಿ ಖಂಡೋಬನ ಜಾತ್ರೆ, ನಮ್ಮ ಮೈಲಾರನೇ ಅವರ ಖಂಡೋಬ. ಕುದುರೆ, ಕತ್ತೆ, ಒಂಟೆ ಎಲ್ಲ ಬರುತ್ತವೆ. ಆಗ ನನಗೆ 22. ಕಾಕಾನ ಜೊತೆ ಹೋಗಿದ್ದೆ. ಒಂದು ಕಂದು ಗಂಡು ಮರಿ ಕಂಡಿತು, ಹಣೆ ಮೇಲೆ ಬಿಳಿ ಚುಕ್ಕೆ. ನನಗೆ ಬೇರೆ ಯಾವುದೂ ಕಾಣಲಿಲ್ಲ. "ಮೂರು ತುಂಬ್ಯಾವ ನೋಡ್ರಿ, ನಾಳೆನೇ ಹತ್ರಿ" ಅಂದ ಮಾರುವವನು. ಕಾಕಾ ಚಹಾ ಕುಡಿಯಲು ಹೋಗಿದ್ದರು. ನಾನು ಬಾಯಿಗೆ ಕೈ ಹಾಕಿದೆ, ಮರಿ ತಲೆ ಕೊಡವಿತು. "ಹೊಸಬರಿಗೆ ಬಾಯಿ ಕೊಡಲ್ರಿ ಅದು" ಅಂದ, ನಾನು ನಂಬಿದೆ. ದಲ್ಲಾಳಿ ಟವೆಲ್ ಕೆಳಗೆ ನನ್ನ ಬೆರಳು ಹಿಡಿದು ರೇಟು ಕುದುರಿಸಿದ. 42 ಸಾವಿರಕ್ಕೆ ಮುಗಿಯಿತು.

ಕಾಕಾ ಬಂದರು. ಒಂದು ಕೈ ಮೂಗಿನ ಮೇಲಿಟ್ಟು, ಇನ್ನೊಂದು ಕೈಯ ಹೆಬ್ಬೆರಳನ್ನು ಬಾಯಿಯ ಬದಿಗೆ, ಹಲ್ಲಿಲ್ಲದ ಜಾಗಕ್ಕೆ ಜಾರಿಸಿದರು. ಮರಿ ತಾನೇ ಬಾಯಿ ಬಿಟ್ಟಿತು. ಮೇಲೆ ಆರು, ಕೆಳಗೆ ಆರು, ಹನ್ನೆರಡೂ ಹಾಲುಹಲ್ಲು. ಒಂದೂ ಅಲುಗುತ್ತಿರಲಿಲ್ಲ. "ಇದಕ್ಕ ಎರಡು ತುಂಬಿಲ್ಲೋ" ಅಂದರು. ಬೈಯಲಿಲ್ಲ. ಬೀದರ ಬರುವ ತನಕ ಒಂದು ಮಾತೂ ಆಡಲಿಲ್ಲ.

ಅಷ್ಟಕ್ಕೇ ಮುಗಿದಿದ್ದರೆ ನಾನು ಇಷ್ಟು ಸಿಟ್ಟಿನಿಂದ ಬರೆಯುತ್ತಿರಲಿಲ್ಲ. ದುಡ್ಡು ಹಾಕಿದ್ದೆ, ಮದುವೆ ಸೀಸನ್ ಬಂದಿತ್ತು, ಕಾಯಲಿಲ್ಲ. ಎರಡೇ ತಿಂಗಳಿಗೆ ಹತ್ತಿದೆ. ಮುಂಗಾಲಿನ ಮಂಡಿ ಊದಿತು. ಮಂಡಿ ಮೇಲಿನ ಎಲುಬು ಬೆಳೆದು ಗಟ್ಟಿಯಾಗಲು ಎರಡೂವರೆ ವರ್ಷವಾದರೂ ಬೇಕು, ಬೆನ್ನಿಗೆ ಐದು ದಾಟಬೇಕು ಅಂತ ಡಾಕ್ಟರು ಆಮೇಲೆ ಹೇಳಿದರು. ಮರಿ ಬದುಕಿತು, ನಮ್ಮಲ್ಲೇ ಉಳಿಯಿತು. ಆದರೆ ಡಾಂಬರಿನ ಮೇಲೆ ನಡೆಸಿದರೆ ಆ ಕಾಲು ಊರಿದಾಗೆಲ್ಲ ತಲೆ ಮೇಲೆತ್ತುತ್ತಿತ್ತು. ನೋವಿಗೆ. ಕೊನೆಯ ತನಕ ಹಾಗೇ.

ಈಗ ನಿಮ್ಮ ಪ್ರಶ್ನೆ. 42 ಸಾವಿರ ಸರಿಯಾದ ರೇಟಾ? ಮೂರು ವರ್ಷದ ಮರಿಗೆ ಅವತ್ತು ಸರಿಯೇ ಇತ್ತು. ಎರಡು ತುಂಬದ ಮರಿಗೆ ಅಲ್ಲ. ನಡುವಿನ ಒಂದು ವರ್ಷದ ಜೋಳದ ಕಣಕಿ, ಹುರುಳಿ, ತೌಡು, ಗೊರಸು ಕೆತ್ತಿಸುವ ಕೂಲಿ, ಜಂತಿನ ಔಷಧಿ ಎಲ್ಲ ನಾನೇ ಹಾಕಬೇಕಿತ್ತು. ಅವನು ಹಾಕದ ಖರ್ಚನ್ನು ಅವನಿಗೂ ಕೊಟ್ಟು ಬಂದಿದ್ದೆ. ಮರಿಗೆ ಕೆಲಸದ ವಯಸ್ಸಾಗಲು ಇನ್ನೆಷ್ಟು ವರ್ಷ ಇದೆ, ಅಷ್ಟು ವರ್ಷದ ಮೇವಿನ ದುಡ್ಡನ್ನು ರೇಟಿನಲ್ಲಿ ಕಳೆಯಿರಿ. ನನ್ನ ಲೆಕ್ಕ ಇಷ್ಟೇ.

ಈ ಲೆಕ್ಕ ನಮ್ಮ ಕಡೆಗೆ ಹೊಸದೂ ಅಲ್ಲ. ಬಹಮನಿಗಳ ಕಾಲದಲ್ಲಿ, 15ನೇ ಶತಮಾನದಲ್ಲಿ, ರಷ್ಯಾದ ಅಫನಾಸಿ ನಿಕಿತಿನ್ ಅನ್ನುವ ವ್ಯಾಪಾರಿ ಒಂದೇ ಒಂದು ಗಂಡು ಕುದುರೆ ಹಡಗಿನಲ್ಲಿ ತಂದು ಬೀದರಿನಲ್ಲಿ ಮಾರಿದ. ವರ್ಷವಿಡೀ ಮೇಯಿಸಿದೆ, ಅದರ ಮೇಲೆ 68 ಫುತುನ್ (ಆಗಿನ ನಾಣ್ಯ) ಖರ್ಚಾಯಿತು ಅಂತ ಬರೆದಿಟ್ಟ. ಆಳಂದದ ಸಂತೆಗೆ 20 ಸಾವಿರ ಕುದುರೆ ಬರುತ್ತವೆ ಅಂತಲೂ ಬರೆದ. ನಮ್ಮದೇ ಆಳಂದ! ಅಂಥ ನೆಲದವರು ನಾವು, ಇವತ್ತು ಗೊಂಡೆ ನೋಡಿ ದುಡ್ಡು ಕೊಡುತ್ತೇವೆ.

ಬಣ್ಣಕ್ಕೂ ಹಾಗೇ ಮೋಸ ಹೋಗುತ್ತಾರೆ. ಮದುವೆಗೆ ಬಿಳಿ ಕುದುರೆ ಬೇಕು, ಅದಕ್ಕೇ ನುಕ್ರಾಕ್ಕೆ ರೇಟು ಜಾಸ್ತಿ. ನುಕ್ರಾ ಹುಟ್ಟುವಾಗಲೇ ಬಿಳಿ, ಮೂತಿಯ ಚರ್ಮ ಗುಲಾಬಿ. ಬೂದು ಮರಿ ಹುಟ್ಟುವಾಗ ಕಪ್ಪೋ ಕಂದೋ ಇದ್ದು ವರ್ಷ ಹೋದಂತೆ ಬೆಳ್ಳಗಾಗುತ್ತದೆ, ಚರ್ಮ ಕಪ್ಪಾಗೇ ಉಳಿಯುತ್ತದೆ. ಎರಡೂ ಒಳ್ಳೆಯವೇ, ಆದರೆ ಒಂದರ ರೇಟು ಇನ್ನೊಂದಕ್ಕೆ ಕೊಡಬೇಡಿ. ಕೂದಲಿನ ಸುಳಿ ನೋಡುವವರು ನೋಡಿ, ಗಂಟಲಿನ ದೇವಮಣಿ ಅನ್ನುವ ಶುಭದ ಸುಳಿ ನಾನೂ ನೋಡುತ್ತೇನೆ. ಆದರೆ ಮೊದಲು ನಾಲ್ಕೂ ಗೊರಸು ಎತ್ತಿ ನೋಡಿ. ಗಟ್ಟಿ ನೆಲದ ಮೇಲೆ ನಡೆಸಿ, ಹಗ್ಗ ಸಡಿಲ ಬಿಟ್ಟು. ಗ್ಲಾಂಡರ್ಸ್ ರಕ್ತ ಪರೀಕ್ಷೆಯ ಚೀಟಿ ಕೇಳಿ. ಆ ರೋಗ ಮನುಷ್ಯರಿಗೂ ಬರುತ್ತದೆ, ಬಂದ ಕುದುರೆಯನ್ನು ಉಳಿಸಿಕೊಳ್ಳಲು ಬಿಡುವುದಿಲ್ಲ.

ಇಷ್ಟು ವರ್ಷದಲ್ಲಿ "ಇದರ ತಾಯಿ ಎಲ್ಲಿದೆ" ಅಂತ ಕೇಳಿದವರು ಎಷ್ಟು ಜನ? ಬೆರಳಲ್ಲಿ ಎಣಿಸಬಹುದು. ನನಗೆ ಬೇಕಾದ ಪ್ರಶ್ನೆ ಅದು. ತಾಯಿ ಕಂಡರೆ ಮರಿಯ ಎತ್ತರ, ಕಾಲು, ಗುಣ ಅರ್ಧ ಗೊತ್ತಾಗುತ್ತದೆ. ಮರಿ ಐದಾರು ತಿಂಗಳು ಹಾಲು ಕುಡಿಯಬೇಕು. ಜಾತ್ರೆ ಬಂತು ಅಂತ ಮೂರು ತಿಂಗಳಿಗೇ ಬಿಡಿಸಿ ತರುತ್ತಾರೆ. ಹೊಟ್ಟೆ ಉಬ್ಬಿರುತ್ತದೆ, ಕೂದಲು ಒರಟಾಗಿರುತ್ತದೆ, ರಾತ್ರಿಯೆಲ್ಲ ಕೂಗುತ್ತದೆ. ಆ ಕೂಗು ಕೇಳಿದವರು ರೇಟಿನ ಮಾತು ಎತ್ತುವುದಿಲ್ಲ. ಒಂದು ವರ್ಷದೊಳಗೇ ಮರಿ ಹತ್ತರಲ್ಲಿ ಒಂಬತ್ತು ಪಾಲು ಎತ್ತರ ಬೆಳೆದುಬಿಡುತ್ತದೆ. ಆ ವರ್ಷ ಹೊಟ್ಟೆಗೆ ಕಡಿಮೆಯಾದರೆ ಆಮೇಲೆ ಎಷ್ಟು ಹುರುಳಿ ಬೇಯಿಸಿ ಹಾಕಿದರೇನು?

ಹೋದ ತಿಂಗಳು ಭಾಲ್ಕಿ ಕಡೆಯ ಒಬ್ಬ ಹುಡುಗ ಫೋನ್ ಮಾಡಿದ. ರೇಟು ಹೇಳಲೇ ಇಲ್ಲ. "ಅಣ್ಣಾ, ನಾಲ್ಕು ತಿಂಗಳ ಮರಿ, ತಾಯಿ ಜೊತಿನೇ ಅದ. ಇನ್ನೆರಡು ತಿಂಗಳು ಅಲ್ಲೇ ಬಿಡಲಾ?" ಅಂದ. ಮುಂಗಡ ಕೊಟ್ಟು ಬಿಟ್ಟು ಬಾ ಅಂದೆ. ದೀಪಾವಳಿ ಆದ ಮೇಲೆ ತರುತ್ತಾನಂತೆ. ಅವತ್ತು ನಾನೂ ಹೋಗುತ್ತೇನೆ, ಕರೆಯದಿದ್ದರೂ.