ಸೇಂಟ್ ಆನ್ಸ್ ಬಟ್ಟೆ: ಐದನೇ ವಾರ

ಮಗ್ಗದ ಮೇಲಿನ ಶಾಲು 70 ಸೆಂ.ಮೀ. ಆಯಿತು. ಹೋದ ವಾರ ಹಾಸಿನಲ್ಲಿ, ಅಂದರೆ ಉದ್ದಕ್ಕೆ ಬಿಗಿದ ಎಳೆಗಳಲ್ಲಿ, ಎರಡು ಕಡಿದಿದ್ದವು. ಗಂಟು ಹಾಕಿ ಮುಂದುವರಿಸಿದೆ. ಈಗ ಹುಡುಕಿದರೂ ಆ ಜಾಗ ಸಿಗುವುದಿಲ್ಲ.

ಹೊಸದಾಗಿ ಓದುತ್ತಿರುವವರಿಗೆ ಒಂದು ಮಾತು. ಕೆನಡಾದ ಕೇಪ್ ಬ್ರೆಟನ್ ದ್ವೀಪದಲ್ಲಿ ಸೇಂಟ್ ಆನ್ಸ್ ಎಂಬ ಊರಿದೆ. ಗೇಲಿಕ್ ಅಂದರೆ ಸ್ಕಾಟ್ಲೆಂಡಿನ ಒಂದು ಹಳೆಯ ಭಾಷೆ. ಅಲ್ಲಿನ ಗೇಲಿಕ್ ಕಾಲೇಜಿನ ಕತೆ ಓದುತ್ತಾ, ಜೊತೆಗೆ ಆ ದ್ವೀಪ ಸೇರಿದ ನೋವಾ ಸ್ಕೋಷಿಯಾ ಪ್ರಾಂತ್ಯದ ಟಾರ್ಟನ್, ಅಂದರೆ ಸ್ಕಾಟಿಷ್ ಚೌಕಳಿ ಬಟ್ಟೆ, ನೇಯುತ್ತಿದ್ದೇನೆ. ನೀಲಿ, ಬಿಳಿ, ಹಸಿರು ಚೌಕಳಿ, ನಡುವೆ ಬಂಗಾರ ಮತ್ತು ಕೆಂಪಿನ ಸಣ್ಣ ಗೆರೆ. ಇದು ಸ್ಕಾಟ್ಲೆಂಡಿನ ವಲಸಿಗರು ಹಡಗಿನಲ್ಲಿ ತಂದ ಬಟ್ಟೆ ಅಂದುಕೊಂಡಿದ್ದೆ. ಅಲ್ಲ. ಬೆಸ್ಸಿ ಮರ್ರೆ ಎಂಬ ನೇಕಾರ್ತಿ ಇದನ್ನು ರೂಪಿಸಿದ್ದು 1953ರಲ್ಲಿ!

ಹಾಗಾದರೆ ಆ ಜನ ತಂದದ್ದೇನು? ಈ ವಾರ ಮಗ್ಗಕ್ಕಿಂತ ಓದೇ ಜಾಸ್ತಿ ಆಗಲು ಇದೇ ಕಾರಣ.

1820ರಲ್ಲಿ ಸ್ಕಾಟ್ಲೆಂಡಿನ ಪಾದ್ರಿ ನಾರ್ಮನ್ ಮೆಕ್ಲಾಯ್ಡ್ ತಮ್ಮ ಜನರೊಂದಿಗೆ ಸೇಂಟ್ ಆನ್ಸ್‌ಗೆ ಬಂದರು. ಅವರ ಮನೆಮಾತು ಗೇಲಿಕ್. 1840ರ ದಶಕದ ಕೊನೆಗೆ ಆಲೂಗಡ್ಡೆ ಬೆಳೆಗೆ ರೋಗ ಬಿತ್ತು, ಊಟಕ್ಕೇ ಕಷ್ಟವಾಯಿತು. 1851ರಲ್ಲಿ, ಎಪ್ಪತ್ತು ದಾಟಿದ ವಯಸ್ಸಿನಲ್ಲಿ, ಮೆಕ್ಲಾಯ್ಡ್ 'ಮಾರ್ಗರೆಟ್' ಹಡಗು ಹತ್ತಿದರು. ಒಟ್ಟು ಆರು ಹಡಗುಗಳಲ್ಲಿ 800ಕ್ಕೂ ಹೆಚ್ಚು ಜನ ಹೊರಟು, ಕೊನೆಗೆ ನ್ಯೂಜಿಲೆಂಡಿನ ವೈಪು ಕಡೆ ನೆಲೆಯಾದರು. ಒಂದೇ ಜನ್ಮದಲ್ಲಿ ಎರಡು ಸಲ ಊರು ಬಿಡುವುದು ಅಂದರೆ ಸುಮ್ನೆ ಮಾತಲ್ಲ.

ಕೇಪ್ ಬ್ರೆಟನ್ನಿನಲ್ಲಿ ಉಳಿದವರ ಮನೆಯಲ್ಲಿ ಗೇಲಿಕ್ ಇತ್ತು, ಶಾಲೆಯಲ್ಲಿ ಇಂಗ್ಲಿಷ್. ಗೇಲಿಕ್ ಆಡಿದ್ದಕ್ಕೆ ಏಟು ತಿಂದ ಮಕ್ಕಳಿದ್ದರು. ಆಮೇಲೆ ಅವರೇ ಅಪ್ಪ ಅಮ್ಮ ಆದಾಗ ಎಷ್ಟೋ ಜನ ತಮ್ಮ ಮಕ್ಕಳ ಜೊತೆ ಆ ಭಾಷೆ ಆಡಲಿಲ್ಲ. ಇದನ್ನು ಓದಿದ ದಿನ ನಾನು ಲಾಳಿ ಮುಟ್ಟಲಿಲ್ಲ.

1938ರಲ್ಲಿ ಪಾದ್ರಿ ಎ. ಡಬ್ಲ್ಯು. ಆರ್. ಮೆಕೆಂಜಿ ಸೇಂಟ್ ಆನ್ಸ್‌ನಲ್ಲಿ ಮರದ ದಿಮ್ಮಿಗಳ ಒಂದೇ ಕೋಣೆಯಲ್ಲಿ ಕಾಲೇಜು ಶುರುಮಾಡಿದರು. ಭಾಷೆ ಉಳಿಸುವುದೇ ಆಸೆ. ಆದರೆ ಬ್ಯಾಗ್‌ಪೈಪು, ಕುಣಿತ, ಟಾರ್ಟನ್ ನೇಯ್ಗೆಯೇ ಜನರನ್ನು ಸೆಳೆದವು. ಬಹಳ ವರ್ಷ ಭಾಷೆ ಹಿಂದೆ ಬಿತ್ತು. ಈಗ ಮತ್ತೆ ಅದಕ್ಕೆ ಮುಂದಿನ ಸಾಲು ಕೊಟ್ಟಿದ್ದಾರೆ. ಕಾಲೇಜಿನ ಹೆಸರೇ ಗೇಲಿಕ್ಕಿನಲ್ಲಿದೆ: ಕೊಲಾಶ್ಚೆ ನ ಗಾಲಿಕ್.

ನನ್ನ ಪ್ರಶ್ನೆಗೆ ಉತ್ತರ ಸಿಕ್ಕಿದ್ದು ಟಾರ್ಟನ್ನಿನಲ್ಲಲ್ಲ, ಸಾದಾ ಉಣ್ಣೆ ಬಟ್ಟೆಯಲ್ಲಿ. ಮಗ್ಗದಿಂದ ಇಳಿದ ಬಟ್ಟೆಯನ್ನು ನೆನೆಸಿ, ಉದ್ದ ಮೇಜಿನ ಸುತ್ತ ಕೂತು ಎಲ್ಲರೂ ತಾಳಕ್ಕೆ ಸರಿಯಾಗಿ ಬಡಿಯುತ್ತಾರೆ. ಬಡಿಯುತ್ತಾ ಅದನ್ನು ಬಲಸುತ್ತಾಗಿ ಪಕ್ಕದವರಿಗೆ ದಾಟಿಸುತ್ತಾರೆ. ಒಬ್ಬರು ಸಾಲು ಹೇಳಿದರೆ ಉಳಿದವರು ಪಲ್ಲವಿ ಹಿಡಿಯುತ್ತಾರೆ. ಬಟ್ಟೆ ದಪ್ಪಗಾಗುವಷ್ಟು ಹೊತ್ತು ಹಾಡು ಬೇಕು, ಹಾಡಿಗೆ ಭಾಷೆ ಬೇಕು, ಅಲ್ವಾ? ಸ್ಕಾಟ್ಲೆಂಡಿನಲ್ಲಿ ಇದು ಹೆಂಗಸರ ಕೆಲಸವಾಗಿತ್ತು, ಕೇಪ್ ಬ್ರೆಟನ್ನಿನಲ್ಲಿ ಗಂಡಸರೂ ಕೂತರು. ಈಗ ಹಾಡಿಗಾಗಿಯೇ ಬಟ್ಟೆ ಬಡಿಯುತ್ತಾರೆ.

ಹಾಗಾಗಿ ಶಾಲು ಪಕ್ಕಕ್ಕಿಟ್ಟು ಬಿಳಿ ಉಣ್ಣೆಯ ತುಂಡೊಂದನ್ನು ನೇಯ್ದೆ. ಅಗಲ 30 ಸೆಂ.ಮೀ. ಸೋಪಿನ ಬಿಸಿನೀರಲ್ಲಿ ನೆನೆಸಿ ಊಟದ ಮೇಜಿನ ಮೇಲೆ ನಾನು, ಅಕ್ಕ ಬಡಿದೆವು. ಹತ್ತು ನಿಮಿಷಕ್ಕೆ ತೋಳು ಸೋತಿತು. ಧ್ವನಿಮುದ್ರಣ ಹಾಕಿಕೊಂಡೆವು. ಮೂರನೇ ಹಾಡಿನ ಹೊತ್ತಿಗೆ ಪಲ್ಲವಿ ಅಕ್ಕನ ಬಾಯಿಗೆ ಬಂದಿತ್ತು, ಕೈ ತಾನಾಗೇ ಏಳುತ್ತಿತ್ತು. ಎಳೆಗಳ ಸಂದು ಮುಚ್ಚಿ ಬಟ್ಟೆ ಮೆತ್ತಗಾಯಿತು. ಈಗ ಅಗಲ 26.

ತುಂಡು ಹಗ್ಗದ ಮೇಲಿದೆ, ಇನ್ನೂ ಒಣಗಿಲ್ಲ. ಮುಂದಿನ ಭಾನುವಾರ ಎರಡು ಮೀಟರ್ ಬಟ್ಟೆ, ಆರು ಜನ. ಪಕ್ಕದ ಮನೆಯ ಉದ್ದ ಮೇಜು ಕೇಳಿದ್ದೇನೆ.